ಮಗಳು ಮೂರನೇ ಸಲ ಪರೀಕ್ಷೆಗೆ ಕೂರಬೇಕೇ?

ಬ್ರೆಜಿಲಿನ ಮೊಂಟೆಸ್ ಕ್ಲಾರೋಸ್ ಊರಿನ ಕ್ಷೌರಿಕ ವಾಲ್ದೊಮಿರೋಗೆ ಡಾಕ್ಟರಮ್ಮನ ಅಪ್ಪ ಅನ್ನಿಸಿಕೊಳ್ಳುವ ಆಸೆ ಎಷ್ಟಿತ್ತೆಂದರೆ, ಗಿರಾಕಿಯ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟುವಾಗಲೇ ನಾಡಿ ನೋಡುವವನಂತೆ ಮುಖ ಗಂಭೀರ ಮಾಡಿಕೊಳ್ಳುತ್ತಿದ್ದ. ಆದರೆ ಮಗಳು ತೈನಾರಾಗೆ ಎನೆಮ್ ಪ್ರವೇಶ ಪರೀಕ್ಷೆಯಲ್ಲಿ ಎರಡನೇ ಸಲವೂ ವೈದ್ಯಕೀಯ ಸೀಟು ಕೂದಲೆಳೆಯಲ್ಲಿ ತಪ್ಪಿತು. (ಕೂದಲೆಳೆ ಎಂದರೆ ಎಷ್ಟೆಂದು ಆ ಊರಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ.) ಸಿಕ್ಕಿದ್ದು ದೂರದ ಊರಲ್ಲಿ ಪಶುವೈದ್ಯದ ಸೀಟು. ಸೇರಲು ಬುಧವಾರ ಕಡೆಯ ದಿನ.

ತೈನಾರಾ ಸಂತೋಷವಾಗಿ ಸೇರುತ್ತೇನೆಂದಳು. ದನಕರುಗಳು ತಮ್ಮ ಕಾಯಿಲೆಯ ಬಗ್ಗೆ ಭಾಷಣ ಮಾಡುವುದಿಲ್ಲ ಎಂಬುದು ಅವಳ ವಾದ. ಅಪ್ಪನದು ಒಂದೇ ಪಟ್ಟು: ಇನ್ನೊಂದು ವರ್ಷ ಓದಿ, ನವೆಂಬರಿನಲ್ಲಿ ಮತ್ತೆ ಬರೆಯಬೇಕು. ಅಂಗಡಿಗೆ ಬಂದವರನ್ನೆಲ್ಲ ಅಭಿಪ್ರಾಯ ಕೇಳಿದ. ಗಂಟಲ ಮೇಲೆ ಕತ್ತಿ ಇರುವಾಗ ಯಾರು ತಾನೇ ಬೇಡವೆನ್ನುತ್ತಾರೆ? ಶನಿವಾರ ಸಂಜೆ ಸರ್ವಾನುಮತದ ಮಹಾನಿರ್ಣಯದೊಂದಿಗೆ ಮನೆಗೆ ಬಂದ.

"ಪರೀಕ್ಷೆ ಅಂದ್ರೇನು, ಕೂತ್ಕೊಂಡು ಬರೆಯೋದು ತಾನೇ? ನಾನು ದಿನಾ ಹತ್ತು ಗಂಟೆ ನಿಂತಿರ್ತೀನಿ," ಎಂದ.

ಮಗಳು ಜಗಳವಾಡಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ತಂದು ಅವನ ಮುಂದಿಟ್ಟಳು. "ನಾಳೆ ನೀನು ಬರಿ ಅಪ್ಪ. ಐದೂವರೆ ಗಂಟೆ. ಮುಗಿಸಿದ್ರೆ ನಾನು ಇನ್ನೊಂದು ವರ್ಷ ಓದ್ತೀನಿ. ಇಲ್ಲಾಂದ್ರೆ ಬುಧವಾರದೊಳಗೆ ನನ್ನ ಬಸ್ ಹತ್ತಿಸ್ಬೇಕು."

"ಉತ್ತರ ಸರಿ ಇರ್ಬೇಕಾ?"

"ಬೇಡ. ಎಚ್ಚರವಾಗಿದ್ರೆ ಸಾಕು."

ಭಾನುವಾರ ಅನ್ನ, ಕಾಳಿನ ಸಾರು, ಗರಿಗರಿ ಹಂದಿಚರ್ಮ ಧಾರಾಳವಾಗಿ ಉಂಡು, ಒಂದೂವರೆಗೆ ಅಡುಗೆಮನೆಯ ಮೇಜಿಗೆ ವೀರನಂತೆ ಕೂತ. ಮಗಳು ಅವನ ಫೋನನ್ನು ಚೀಲಕ್ಕೆ ಹಾಕಿ ಅಂಟಿಸಿದಳು. ನಿಯಮ ನಿಯಮವೇ ಎಂದು, ಅವನು ನಡುವೆ ಎದ್ದಾಗ ಬಚ್ಚಲಿನ ಬಾಗಿಲವರೆಗೆ ಹೆಂಡತಿ ಇವೊನೇಚಿ ಕಾವಲು ಹೋದಳು. (ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ದಂಪತಿಗಳು ಅಷ್ಟು ಜೊತೆಜೊತೆಯಾಗಿ ನಡೆದದ್ದೇ ಅಪರೂಪ.)

ಮೊದಲ ಪ್ರಶ್ನೆಗೆ ಅರ್ಧ ಪುಟ ಓದಬೇಕಿತ್ತು. ಎರಡನೆಯದಕ್ಕೂ ಅಷ್ಟೇ. ಏಳನೆಯದರ ಹೊತ್ತಿಗೆ ಅಕ್ಷರಗಳು ಇರುವೆಗಳಂತೆ ಹರಿದಾಡತೊಡಗಿದವು. ಹನ್ನೊಂದನೆಯದರ ಹೊತ್ತಿಗೆ ಅವನ ಗೊರಕೆಗೆ ಕಿಟಕಿಯ ಗಾಜು ತಾಳ ಹಾಕುತ್ತಿತ್ತು.

ಎದುರಿಗೆ ಕೂತು ಕಾಳು ಆರಿಸುತ್ತಿದ್ದ ಇವೊನೇಚಿ, ಜೊಲ್ಲು ಸುರಿದು ಕಾಗದ ಹಾಳಾಗದಿರಲೆಂದು ಅವನ ಮೊಣಕೈಯಡಿಯಿಂದ ಪ್ರಶ್ನೆಪತ್ರಿಕೆಯನ್ನು ಮೆಲ್ಲಗೆ ಎಳೆದುಕೊಂಡಳು. ಕೈಗೆ ಬಂದದ್ದನ್ನು ಸುಮ್ಮನೆ ಓದಿದಳು. ಆಮೇಲೆ ಪೆನ್ನನ್ನೂ ಎಳೆದುಕೊಂಡಳು.

ವಾಲ್ದೊಮಿರೋಗೆ ಎಚ್ಚರವಾದಾಗ ಬೀದಿದೀಪ ಹತ್ತಿತ್ತು. ಕಾಳು ಮೊರದಲ್ಲೇ ಇತ್ತು. ಹೆಂಡತಿ ಪ್ರಬಂಧದ ಕೊನೆಯ ಸಾಲಿನಲ್ಲಿದ್ದಳು. ಕಾಫಿ ಕೇಳಲು ಬಾಯಿ ತೆರೆದ. ಅವಳು ತಲೆಯೆತ್ತದೆ, "ಇನ್ನೂ ಹತ್ತು ನಿಮಿಷ ಇದೆ," ಎಂದಳು. ಮಗಳು ಉತ್ತರಗಳನ್ನು ತಾಳೆ ನೋಡಿದಳು. ತೊಂಬತ್ತಕ್ಕೆ ಅರವತ್ತಮೂರು ಸರಿ. ಅಪ್ಪ ಬರೆದ ಹತ್ತರಲ್ಲಿ ಎರಡು ಸರಿ ಎಂಬುದನ್ನು ಅವಳು ಗೌರವದಿಂದ ಮನಸ್ಸಲ್ಲೇ ಇಟ್ಟುಕೊಂಡಳು.

ಮಂಗಳವಾರ ಮಗಳನ್ನು ಬಸ್ಸಿಗೆ ಹತ್ತಿಸಿ, ಕಣ್ಣೊರೆಸಿಕೊಂಡು, ದನದ ಡಾಕ್ಟರೂ ಡಾಕ್ಟರೇ ಎಂದು ಅವನು ಸಮಾಧಾನ ತಂದುಕೊಳ್ಳುತ್ತಿದ್ದಾಗ ಇವೊನೇಚಿ ಹೇಳಿದಳು: "ವಾಲ್ದೋ, ಚರ್ಚಿನ ಹಿಂದೆ ಸಂಜೆ ಹೊತ್ತು ಪುಕ್ಕಟೆ ಕೋಚಿಂಗ್ ಇದೆ. ನಾನು ಹೆಸರು ಕೊಟ್ಟು ಬಂದೆ."

"ಏನು ಓದೋಕೆ?"

"ಲಾಯರಿಕೆ."

ವಾಲ್ದೊಮಿರೋ ಒರೆಸಿದ ಕಣ್ಣನ್ನೇ ಇನ್ನೊಮ್ಮೆ ಒರೆಸಿಕೊಂಡ. ಓದದೆಯೇ ಇಪ್ಪತ್ತೆರಡು ವರ್ಷ ಒಂದು ವಾದದಲ್ಲೂ ಸೋಲದವಳು ಇನ್ನು ಓದಿಬಿಟ್ಟರೆ?

ಆ ವರ್ಷವೆಲ್ಲ ಸಂಜೆಯ ಅಡುಗೆ ಅವನ ಪಾಲಿಗೆ ಬಂತು. ಮರುವರ್ಷ ಜನವರಿಯಲ್ಲಿ ಫಲಿತಾಂಶ ಬಂದಾಗ ಇವೊನೇಚಿಗೆ ಲಾಯರಿಕೆಯ ಸೀಟಿಗೆ ಎಂಟು ಅಂಕ ಕಡಿಮೆಯಾಗಿತ್ತು. ಬೇಸರಪಟ್ಟುಕೊಳ್ಳದೆ ಅಡುಗೆಮನೆಗೆ ಬಂದು, ಒಲೆಯ ಮುಂದೆ ಬೆವರುತ್ತಿದ್ದ ಗಂಡನನ್ನು ಕೇಳಿದಳು: "ನಿಂಗೇನನ್ಸುತ್ತೆ? ಮತ್ತೆ ಬರೀಲಾ?"

ಇದು ಎಷ್ಟು ಸೂಕ್ಷ್ಮವಾದ ವಿಚಾರ, ಅವಸರದಲ್ಲಿ ತೀರ್ಮಾನಿಸುವಂಥದ್ದಲ್ಲ, ಮನುಷ್ಯನ ವಯಸ್ಸು, ಆರೋಗ್ಯ, ಮನೆಯ ಪರಿಸ್ಥಿತಿ ಎಲ್ಲವನ್ನೂ ತೂಗಿ ನೋಡಬೇಕು ಎಂದು ವಾಲ್ದೊಮಿರೋ ಸೌಟು ಹಿಡಿದೇ ಕಾಲು ಗಂಟೆ ವಿವರಿಸಿದ.

ಇವೊನೇಚಿ ಪೂರ್ತಿ ಕೇಳಿಸಿಕೊಂಡಳು. "ಸರಿ, ಯೋಚ್ನೆ ಮಾಡಿ ಹೇಳು," ಎಂದು ಪುಸ್ತಕದ ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿದಳು. "ಕ್ಲಾಸ್ ಮುಗಿಸ್ಕೊಂಡು ಬಂದು ಕೇಳ್ತೀನಿ."