ಕನ್ನಡಕದ ಯಜಮಾನರ ಮೂಗು

ದೇವರು ಕನ್ನಡಕದ ಅಂಗಡಿಯ ಯಜಮಾನರಿಗೆ ಮೂಗು ಕೊಟ್ಟದ್ದು ಕನ್ನಡಕ ಕೂರಿಸುವುದಕ್ಕೆ ಮಾತ್ರ. ಏಳನೇ ವಯಸ್ಸಿನಲ್ಲಿ ಬಂದ ಜ್ವರವೊಂದು ಹೋಗುವಾಗ ವಾಸನೆ ತಿಳಿಯುವ ಶಕ್ತಿಯನ್ನೂ ಗಂಟು ಕಟ್ಟಿಕೊಂಡು ಹೋಗಿತ್ತು. ಅಲ್ಲಿಂದ ಮುಂದೆ ಅವರಿಗೆ ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. ಇದರಿಂದ ತೊಂದರೆಯೇನೂ ಇರಲಿಲ್ಲ. ತೊಂದರೆ ಇದ್ದದ್ದು, ಈ ಸಂಗತಿಯನ್ನು ಅವರು ಹೆಂಡತಿಗೆ ಇವತ್ತಿನವರೆಗೂ ಹೇಳದೆ ಮುಚ್ಚಿಟ್ಟಿದ್ದರಲ್ಲಿ.

ಹೇಳುವುದಾದರೂ ಹೇಗೆ? ಅವರ ಸಂಸಾರ ನಿಂತಿದ್ದೇ ಮೂಗಿನ ಮೇಲೆ! ಆಕೆಯದು ಡ್ರೈಕ್ಲೀನಿಂಗ್ ಅಂಗಡಿ. ಕೋಟು ಮೂಸಿ, ಅದು ಮದುವೆಗೆ ಹೋಗಿತ್ತೋ ಆಸ್ಪತ್ರೆಗೋ, ತೊಟ್ಟವನು ದಾರಿಯಲ್ಲಿ ಎಲ್ಲೆಲ್ಲಿ ನಿಂತಿದ್ದನೋ ಎಲ್ಲವನ್ನೂ ಹೇಳಬಲ್ಲ ಘ್ರಾಣಸಾಮ್ರಾಜ್ಞಿ. ಹತ್ತೊಂಬತ್ತು ವರ್ಷದ ಹಿಂದೆ ಇವರು ಬೂದು ಕೋಟು ವಾಪಸು ಪಡೆಯಲು ಹೋದಾಗ, "ಚೆನ್ನಾಗಿ ಆಗಿದ್ಯಾ ನೋಡ್ಕೊಳ್ಳಿ" ಎಂದಿದ್ದಳು. ಇವರು ಕೋಟಿನಲ್ಲಿ ಮುಖ ಹುದುಗಿಸಿ, "ಆಹಾ, ಘಮ್ ಅಂತಿದೆ!" ಎಂದುಬಿಟ್ಟರು. ಆಕೆ ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕಳು. ಆ ನಗುವಿಗೆ ಬಿದ್ದವರು ಇನ್ನೂ ಎದ್ದಿಲ್ಲ.

ಅಂದಿನಿಂದ ಸೋಪಿಗೂ ಘಮ್, ಸಾರಿಗೂ ಘಮ್. ಸಿಕ್ಕಿಬೀಳದಿರಲು ಅವರು ಕಂಡುಕೊಂಡ ಉಪಾಯವೆಂದರೆ ಮೊದಲು ಆಕೆಯ ಮುಖ ನೋಡುವುದು. ಹುಬ್ಬು ಗಂಟಿಕ್ಕಿದ್ದರೆ "ಥೂ", ಅರಳಿದ್ದರೆ "ಆಹಾ". (ದಿನವಿಡೀ ಜನರ ಕಣ್ಣೊಳಗೆ ಇಣುಕುವವರಿಗೆ ಇಷ್ಟೂ ಕಾಣದಿದ್ದರೆ ಹೇಗೆ?) ಊಟದ ಹೊತ್ತಿನಲ್ಲಂತೂ ಆಕೆಯ ಮುಖ ಸದಾ ಪ್ರಸನ್ನವಾಗಿರುತ್ತಿತ್ತು. ಹಾಗಾಗಿ ಊಟ ಸುಲಭ.

ಈ ನೆಮ್ಮದಿಗೆ ಕಲ್ಲು ಹಾಕಿದವನು ಆಕೆಯ ಅಣ್ಣ. ಹಡಗಿನಲ್ಲಿ ಉಗ್ರಾಣ ನೋಡಿಕೊಂಡು ನಿವೃತ್ತನಾದವನು, ಆದರೆ ನೆಂಟರಿಗೆಲ್ಲ ಕ್ಯಾಪ್ಟನ್. ಶುಕ್ರವಾರ ಫೋನು ಮಾಡಿದ. (ಇಬ್ಬರೂ ಒಬ್ಬರನ್ನೊಬ್ಬರು "ಭಾವ" ಎಂದೇ ಕರೆಯುವುದರಿಂದ ಮೊದಲ ಐದು ನಿಮಿಷ ಬರೀ ಭಾವ-ಭಾವದಲ್ಲೇ ಕಳೆಯಿತು.)

"ಭಾವ, ಒಂದು ಸಿಂಗಲ್ ಮಾಲ್ಟ್ ಸಿಕ್ಕಿದೆ. ಜವುಗು ನೆಲದಿಂದ ಪೀಟ್ ಅನ್ನೋ ಮಣ್ಣು ಅಗೆದು, ಒಣಗಿಸಿ, ಸುಟ್ಟು, ಆ ಹೊಗೇಲಿ ಬಾರ್ಲಿ ಒಣಗಿಸಿ ಮಾಡಿದ ವಿಸ್ಕಿ. ಕೊನೇಲಿ ಎರಡು ವರ್ಷ ಕೆಂಪು ವೈನಿನ ಪೀಪಾಯಿಯಲ್ಲಿ ಮಲಗ್ಸಿದ್ದಾರೆ. ಭಾನುವಾರ ಮಧ್ಯಾಹ್ನ ತರ್ತೀನಿ. ಇದನ್ನ ಗಟಗಟ ಕುಡಿಯೋ ಹಾಗಿಲ್ಲ. ಮೊದಲು ಮೂಸಬೇಕು, ಏನೇನು ವಾಸನೆ ಬಂತು ಅಂತ ಹೇಳ್ಬೇಕು. ಮನೆ ಯಜಮಾನ್ರು ನೀವು, ಮೊದಲು ನೀವೇ!"

ಮೊದಲು ನೀವೇ! ಯಜಮಾನರು ಫೋನು ಕೆಳಗಿಟ್ಟು ಕೂತರು. ಹೆಂಡತಿಯ ಮುಖ ನೋಡಿಕೊಂಡು ಹೇಳುವ ದಾರಿಯೇ ಬಂದ್. ಸುಳ್ಳು ಹೊರಬಿದ್ದರೆ ಹತ್ತೊಂಬತ್ತು ವರ್ಷದ ಅಷ್ಟೂ ಆಹಾಗಳು ಸುಳ್ಳಾಗುತ್ತವೆ. ಆ ಬೂದು ಕೋಟಿನ ಆಹಾ ಕೂಡ. ಆಕೆಯ ಮುಖಕ್ಕೆ ಮುಖ ಕೊಡುವುದು ಹೇಗೆಂದು ನೆನೆದು ಅವರಿಗೆ ನಿಜಕ್ಕೂ ಅಳು ಬಂತು.

ಎರಡು ದಿನ ಗಿರಾಕಿಗಳನ್ನು ಕಾಯಿಸಿ ಫೋನಿನಲ್ಲಿ ವಿಸ್ಕಿಶಾಸ್ತ್ರ ಓದಿದರು. ಬಲ್ಲವರು ಬರೆದದ್ದನ್ನು ಮಗ್ಗಿಯ ಹಾಗೆ ಉರು ಹೊಡೆದರು: ಹೊಗೆ, ಟಾರು, ಒದ್ದೆ ಕಂಬಳಿ, ಬ್ಯಾಂಡೇಜು, ಕೊನೆಗೆ ದ್ರಾಕ್ಷಿ. (ಕುಡಿಯುವ ವಸ್ತುವಿನಲ್ಲಿ ಬ್ಯಾಂಡೇಜು ಏಕಿರಬೇಕು ಎಂದು ಯಾರೂ ವಿವರಿಸಿರಲಿಲ್ಲ.) ಪರಿಮಳ ಹಾರಿಹೋಗದಂತೆ ಲೋಟಕ್ಕೆ ಗಾಜಿನ ಮುಚ್ಚಳ ಬೇಕು ಎಂದು ಕ್ಯಾಪ್ಟನ್ ಹೇಳಿದ್ದರಿಂದ, ಅಂಗಡಿಯಿಂದ ಪವರ್ ಇಲ್ಲದ ಮೂರು ದುಂಡು ಲೆನ್ಸುಗಳನ್ನು ತಂದು, ಇದೆಯೋ ಇಲ್ಲವೋ ಎಂದು ಅನುಮಾನ ಬರುವಷ್ಟು ಚೆನ್ನಾಗಿ ಒರೆಸಿಟ್ಟರು.

ಭಾನುವಾರ ಬಂತು, ಕ್ಯಾಪ್ಟನ್ ಬಂದ, ಬಾಟಲಿಯೂ ಬಂತು. ಮೂರು ಲೋಟಕ್ಕೆ ಎರಡೆರಡು ಚಮಚೆಯಷ್ಟು ಹೊಯ್ದು ಮುಚ್ಚಳ ಇಟ್ಟ. ಹತ್ತು ನಿಮಿಷ ಯಾರೂ ಮಾತಾಡಬಾರದೆಂದು ಅಪ್ಪಣೆ ಮಾಡಿ, ಎಂಟು ನಿಮಿಷ ತಾನೇ ಮಾತಾಡಿದ.

"ಶುರು ಮಾಡಿ ಭಾವ."

ಯಜಮಾನರು ಲೋಟವನ್ನು ಎರಡೂ ಕೈಯಲ್ಲಿ ಎತ್ತಿದರು. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿ, ಎದೆ ಉಬ್ಬುವವರೆಗೆ ಉಸಿರೆಳೆದರು.

"ಹೊಗೆ... ದಟ್ಟವಾದ ಹೊಗೆ. ಆಹಾ, ಟಾರು! ಎಲ್ಲೋ ದೂರದಲ್ಲಿ ಒದ್ದೆ ಕಂಬಳಿ. ಬ್ಯಾಂಡೇಜು ಸ್ವಲ್ಪ ಜಾಸ್ತಿ. ಇಗೋ ಬಂತು, ಕೊನೇಲಿ ದ್ರಾಕ್ಷಿ!"

ಚಪ್ಪಾಳೆಗಾಗಿ ಕಾದರು. ಕಣ್ಣು ಬಿಟ್ಟರು.

"ಭಾವ," ಎಂದ ಕ್ಯಾಪ್ಟನ್, "ಮುಚ್ಚಳ ತೆಗೀಲೇ ಇಲ್ಲವಲ್ಲ."

ಲೆನ್ಸು ಲೋಟದ ಮೇಲೆ ತಣ್ಣಗೆ ಕೂತಿತ್ತು. ಅದರ ನಟ್ಟನಡುವೆ ಯಜಮಾನರ ಉಸಿರಿನ ಆವಿ ಮಾತ್ರ ಮೂಡಿತ್ತು.

"ಅಷ್ಟು... ಅಷ್ಟು ಸ್ಟ್ರಾಂಗ್ ಇದೆ ಭಾವ. ಗಾಜು ದಾಟ್ಕೊಂಡು ಬರ್ತಿದೆ."

"ಗಾಜು ದಾಟ್ಕೊಂಡು!" ಕ್ಯಾಪ್ಟನ್ ಕಣ್ಣಲ್ಲಿ ಭಕ್ತಿ ಜಿನುಗಿತು. "ಮೂವತ್ತು ವರ್ಷ ಹಡಗಲ್ಲಿದ್ದೆ, ಇಂಥ ಮೂಗು ನೋಡಿಲ್ಲ!"

"ನೀನು ಸುಮ್ನಿರು ಅಣ್ಣ," ಎಂದು ಹೆಂಡತಿ ತನ್ನ ಲೋಟದ ಮುಚ್ಚಳ ತೆಗೆದು ಒಮ್ಮೆ ಮೂಸಿದಳು. "ತಳ ಹಿಡಿದಿದೆ. ಹಿಂದೆ ದ್ರಾಕ್ಷಿರಸ ಇದ್ದ ಪೀಪಾಯಿನ ತೊಳೀದೆ ಹಾಗೇ ಸುರಿದಿದ್ದಾರೆ. ನನ್ನ ಅಂಗಡೀಲಿ ಹೀಗ್ ಮಾಡಿದ್ರೆ ಗಿರಾಕಿಗಳು ಬಾಗ್ಲು ಮುಚ್ಚಿಸ್ತಿದ್ರು."

ಕ್ಯಾಪ್ಟನ್ ಬಾಟಲಿಯ ಮೇಲಿನ ಚೀಟಿ ಓದಿ, ಅದರಲ್ಲೂ ಇದನ್ನೇ ಬರೆದಿದ್ದಾರೆ, ಆದರೆ ಹೊಗಳಿ ಬರೆದಿದ್ದಾರೆ ಎಂದ.

ಯಜಮಾನರಿಗೆ ತಡೆಯಲಾಗಲಿಲ್ಲ. ಲೋಟ ಕೆಳಗಿಟ್ಟು, "ಲೇ, ನನಗೆ ವಾಸನೇನೇ ಬರಲ್ಲ ಕಣೇ. ಏಳನೇ ವರ್ಷದಿಂದ. ಆವತ್ತು ನಿನ್ನ ಅಂಗಡೀಲಿ ಕೋಟು ಘಮ್ ಅಂತಿದೆ ಅಂದೆನಲ್ಲ, ಅದೂ ಸುಳ್ಳು. ಕ್ಷಮಿಸಿಬಿಡು" ಎಂದರು.

"ಗೊತ್ತು."

"ಗೊತ್ತಾ? ಯಾವಾಗಿಂದ?"

"ಆವತ್ತಿಂದಾನೇ. ಆ ಕೋಟು ಇನ್ನೂ ತೊಳೆದೇ ಇರ್ಲಿಲ್ಲ ರೀ. ತಪ್ಪಿ ಕೊಟ್ಟಿದ್ದೆ. ಬೆಕ್ಕು ಅದರ ಮೇಲೆ ಎರಡು ಸಲ ತನ್ನ ಕೆಲಸ ಮುಗಿಸಿತ್ತು. ಅದರಲ್ಲಿ ಮುಖ ಇಟ್ಟು ಘಮ್ ಅಂದ್ರಲ್ಲ, ಇಂಥವರನ್ನ ಕೈಬಿಡಬಾರದು ಅಂತ ಆಗಲೇ ನಿರ್ಧಾರ ಮಾಡ್ದೆ."

ಯಜಮಾನರಿಗೆ ಹೋದ ಜೀವ ಬಂದಂತಾಯಿತು. ಹತ್ತೊಂಬತ್ತು ವರ್ಷದ ಭಾರ ಇಳಿದು, ಕಣ್ಣೀರೇ ಬಂತು. ಕೃತಜ್ಞತೆಯಿಂದ ಹೆಂಡತಿಯ ಕೈ ಹಿಡಿದುಕೊಂಡು, ಎಷ್ಟೋ ಹೊತ್ತಿನ ಮೇಲೆ ಒಂದು ಸಣ್ಣ ಅನುಮಾನ ಬಂದು, "ಕೈಬಿಡಬಾರದು ಅಂದ್ರೆ... ಯಾಕೆ?" ಎಂದು ಕೇಳಿದರು.

ಆಕೆ ಊಟಕ್ಕೆ ತಟ್ಟೆ ಇಡಲು ಎದ್ದಳು. ಅಣ್ಣನಿಗೆ ಪಾತ್ರೆಯ ಮೇಲುಗಡೆಯ ಬೆಳ್ಳನೆ ಅನ್ನ ಬಡಿಸಿದಳು, ತನಗೂ ಅದನ್ನೇ ಹಾಕಿಕೊಂಡಳು. ಆಮೇಲೆ ಸೌಟು ಅಡ್ಡ ಹಿಡಿದು ಸೀದ ತಳವನ್ನು ಕರಕರ ಕೆರೆದು, ಯಾವತ್ತಿನ ಹಾಗೆ ಯಜಮಾನರ ತಟ್ಟೆಗೆ ಹಾಕಿ, ಮೇಲೆ ಸಾರು ಸುರಿದಳು. ಇವತ್ತು ಮಾತ್ರ, ಇನ್ನು ಮುಚ್ಚಿಡುವುದೇನಿದೆ ಎಂದು, ಕ್ಯಾಪ್ಟನ್ನನ ಗತ್ತಿನಲ್ಲೇ ವಿವರ ಕೊಟ್ಟಳು:

"ಹೊಗೆ ಚೆನ್ನಾಗಿ ಹಿಡಿದಿದೆ. ಮೇಲಿನ ಸಾರನ್ನ ಬೆಳ್ಳುಳ್ಳಿ ಡಬ್ಬೀಲಿ ಮೂರು ದಿನ ಮಲಗ್ಸಿದ್ದೆ."

ಕ್ಯಾಪ್ಟನ್ ಮೂಗು ಮುಚ್ಚಿಕೊಂಡು ಕುರ್ಚಿ ಹಿಂದಕ್ಕೆ ಸರಿಸಿದ. ಯಜಮಾನರು ತಟ್ಟೆ ನೋಡಿದರು, ಅಭ್ಯಾಸಬಲದಿಂದ ಹೆಂಡತಿಯ ಮುಖ ನೋಡಿದರು. ಅದು ಎಂದಿನಂತೆ ಪ್ರಸನ್ನವಾಗಿತ್ತು.

"ಆಹಾ," ಎಂದುಬಿಟ್ಟರು, "ಘಮ್ ಅಂತಿದೆ!"