ಎರವಲು ಕಾಲಿನ ಮೇಲೆ ಸ್ನಾತಕೋತ್ತರ ಪದವಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮಕ್ಕ ಸುಮಾಳ ಸಂಬಂಧ ಮುರಿಯುವ ಹಂತಕ್ಕೆ ಬಂದದ್ದು ಜಾತಕದಿಂದಲ್ಲ, ಕೊಡುವ-ತರುವ ಮಾತಿನಿಂದಲ್ಲ, ಬೀಗರ ಊಟದಲ್ಲಿ ಉಪ್ಪು ಕಡಿಮೆಯಾದದ್ದರಿಂದಲೂ ಅಲ್ಲ. ನನ್ನಿಂದ! ಅದೂ ನಾನು ಪುಂಡಾಟ ಮಾಡುತ್ತ ತಿರುಗುವಾಗಲ್ಲ. ಜೀವನದಲ್ಲಿ ಮೊದಲ ಸಲ ಶ್ರದ್ಧೆಯಿಂದ ಓದಲು ಕುಳಿತಾಗ.

ನಾನು ಇಂಡಸ್ಟ್ರಿಯಲ್ ಡಿಸೈನಿನಲ್ಲಿ ಸ್ನಾತಕೋತ್ತರ ಪದವಿ ಮಾಡುತ್ತಿದ್ದೇನೆ. ಅಂದರೆ ಕುರ್ಚಿ, ಮಿಕ್ಸಿ, ಬಸ್ಸಿನ ಮೆಟ್ಟಿಲು, ಹೀಗೆ ಜನ ದಿನಾ ಬಳಸುವ ವಸ್ತುಗಳನ್ನು ಬಳಸುವವರಿಗೆ ಹೊಂದುವಂತೆ ರೂಪಿಸುವ ಘನವಿದ್ಯೆ. ಇದನ್ನು ಹೊಸಪೇಟೆಯ ನಮ್ಮ ಓಣಿಗೆ ಅರ್ಥ ಮಾಡಿಸಲು ಹೋಗಿ ನಾನು ಸೋತಿದ್ದೇನೆ.

"ಇಂಡಸ್ಟ್ರಿ ಅಂದ್ರ ತೋರಣಗಲ್ಲು," ಎಂದರು ಅಲ್ಲಿಯೇ ಕಾರ್ಖಾನೆಯಲ್ಲಿ ದುಡಿಯುವ ಅಪ್ಪ. "ಇಷ್ಟೆಲ್ಲ ಓದಿ ಕಡೀಕ ನನ್ನ ಶಿಫ್ಟಿಗೇ ಬರ್ತಿಯೇನಲೇ?"

ಪಕ್ಕದ ಮನೆಯ ಶಾಂತಕ್ಕನದು ಬೇರೆಯೇ ಲೆಕ್ಕ. "ಡಿಸೈನ್ ಕಲಿಯಾಕತ್ತೀ ಅಂತಲ್ಲೋ ಮಂಜ್ಯಾ, ನನ್ನ ಬ್ಲೌಸಿನ ಬೆನ್ನಿಗೆ ಒಂದು ನವಿಲು ಬರ್ದು ಕೊಡು ನೋಡೋಣ." ಬರೆದುಕೊಟ್ಟೆ. ಶಾಂತಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕೋಳಿ ಮಸ್ತ್ ಬಂದೈತಿ ಬಿಡು," ಎಂದಳು.

ನನಗೆ ಇನ್ನೊಂದು ವಿದ್ಯೆಯೂ ಇದೆ. ಅದಕ್ಕೆ ಯಾವ ಕಾಲೇಜೂ ಪದವಿ ಕೊಡುವುದಿಲ್ಲ. ಯಾರನ್ನು ಕಂಡರೂ ಅವರಂತೆ ನಡೆದು, ಅವರಂತೆ ಮಾತಾಡಿ ತೋರಿಸುವುದು. ಶಿಫ್ಟ್ ಮುಗಿಸಿ ಬಂದ ಅಪ್ಪ ಶೂ ಬಿಚ್ಚುತ್ತ ಬಿಡುವ ನಿಟ್ಟುಸಿರು, ಇಡೀ ಓಣಿಗೆ ಕೇಳುವ ಶಾಂತಕ್ಕನ ಪಿಸುಮಾತು, ಸಂದರ್ಶನದಲ್ಲಿ ಇಂಗ್ಲಿಷ್ ಶಬ್ದ ಸಿಗದೆ ಚಾವಣಿ ನೋಡುವ ನಾನು. ಎಲ್ಲವೂ ನನ್ನ ಭಂಡಾರದಲ್ಲಿವೆ.

ಹೀಗಿರುವಾಗ ಅಕ್ಕನನ್ನು ನೋಡಲು ಕಂಪ್ಲಿಯಿಂದ ಜನ ಬಂದರು. ವರ ಶರಣ ಸಂಡೂರಿನ ಶಾಲೆಯೊಂದರಲ್ಲಿ ಮೇಷ್ಟ್ರು. ಅಕ್ಕ ಅವನನ್ನು ಮೊದಲು ಕದ್ದು ನೋಡಿದಳು. ಆಮೇಲೆ ಕದಿಯದೆಯೇ ನೋಡಿದಳು. ಅವತ್ತಿನಿಂದ ಸಂಜೆಯಾದರೆ ಫೋನ್ ಹಿಡಿದು ಮಾಳಿಗೆ ಹತ್ತುತ್ತಿದ್ದಳು. ಎರಡೂ ಮನೆಯವರು ಒಪ್ಪಿದರು. ಮುಂದಿನ ವಾರ ನಿಶ್ಚಿತಾರ್ಥ ಎಂದಾಯಿತು.

ನಾನು ಮಾತ್ರ ಅವತ್ತು ವರನನ್ನು ನೋಡಲೇ ಇಲ್ಲ. ವರನ ತಾತ ಪಂಪಣ್ಣನವರನ್ನು ನೋಡುತ್ತ ಕುಳಿತಿದ್ದೆ. ಲಕ್ವ ಹೊಡೆದು ಅವರ ಎಡಗಾಲು ಸೋತಿತ್ತು. ಹೊಸ್ತಿಲು ದಾಟುವಾಗ ಅವರು ಆ ಕಾಲನ್ನು ಮೊಂಡು ಬಿದ್ದ ಎತ್ತನ್ನು ಕರೆಯುವಂತೆ ಕರೆಯುತ್ತಿದ್ದರು: "ಬಾರೋ ನನ್ನಪ್ಪಾ... ಬಾ... ಹಾಂ, ಬಂತು!"

ನನ್ನೊಳಗಿನ ನಕಲುಗಾರ ಎದ್ದು ಕುಳಿತ. ವಿದ್ಯಾರ್ಥಿಯೂ ಎದ್ದು ಕುಳಿತ. ಇಬ್ಬರೂ ಒಟ್ಟಿಗೆ ಏಳಬಾರದಿತ್ತು.

ನನ್ನ ಕೊನೆಯ ವರ್ಷದ ಪ್ರಾಜೆಕ್ಟ್ ಹುಟ್ಟಿದ್ದು ಹಾಗೆ: ಕಾಲು ಸೋತವರಿಗಾಗಿ ಬಸ್ಸಿಗೆ ಒಂದು ಮಡಿಚುವ ಮೆಟ್ಟಿಲು. ನಮ್ಮ ಕಾಲೇಜಿನ ಮೇಡಂ ಫೋನಿನಲ್ಲಿ ಮೆಚ್ಚಿಕೊಂಡರು. "ಆದರೆ ಮಂಜುನಾಥ್, ಬಳಕೆದಾರನನ್ನು ದೂರದಿಂದ ನೋಡಿದರೆ ಸಾಲದು. ಒಂದು ದಿನ ನೀನೇ ಬಳಕೆದಾರನಾಗು. ಅದಕ್ಕೇ ಎಂಪಥಿ ಅನ್ನುವುದು." ಮೊಣಕಾಲಿಗೆ ಪಟ್ಟಿ ಬಿಗಿದು, ಮಸುಕು ಕನ್ನಡಕ ಹಾಕಿ, ಕಿವಿಗೆ ಹತ್ತಿಯಿಟ್ಟು ಮುಪ್ಪನ್ನು ಅನುಭವಿಸಿ ನೋಡುವ ಕ್ರಮ ನಮ್ಮ ಶಾಸ್ತ್ರದಲ್ಲಿದೆ. ಬೇರೆ ವಿದ್ಯಾರ್ಥಿಗಳಿಗೆ ಇದು ಕಷ್ಟದ ಪಾಠ. ನನಗೆ? ಹುಟ್ಟಿದ್ದೇ ಇದಕ್ಕಾಗಿ!

ಎಡಗಾಲಿನ ಹಿಂದೆ ಮರದ ಸ್ಕೇಲ್ ಇಟ್ಟು ಬಟ್ಟೆಯಿಂದ ಬಿಗಿದೆ. ಅಪ್ಪನ ಹಳೆಯ ಕನ್ನಡಕಕ್ಕೆ ಕೊಬ್ಬರಿ ಎಣ್ಣೆ ಸವರಿದೆ. ಕಿವಿಗೆ ಹತ್ತಿ ತುರುಕಿದೆ. ಇಲ್ಲಿಗೆ ಶಾಸ್ತ್ರ ಮುಗಿಯಿತು. ಆಮೇಲಿನದು ನನ್ನ ಸ್ವಂತ ಪ್ರತಿಭೆ: ಧೋತ್ರ, ತಲೆಗೆ ಟವೆಲ್, ಕುರುಚಲು ಗಡ್ಡಕ್ಕೆ ವಿಭೂತಿ. ಕನ್ನಡಿಯ ಮುಂದೆ ನಿಂತು, "ಬಾರೋ ನನ್ನಪ್ಪಾ!" ಎಂದೆ. ಕಾಲು ಬಂತು.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. "ಲೇ, ಅದು ಶರಣನ ತಾತ ಅಲ್ಲೇನಲೇ? ಬ್ಯಾಡ ನೋಡು."

"ಇದು ಸಂಶೋಧನೆ."

"ಸಂಶೋಧನಿ ಹಿತ್ತಲದಾಗ ಮಾಡು. ಹೊಸ್ತಿಲಾ ದಾಟಿದಿ ಅಂದ್ರ ನಾ ಸುಮ್ನಿರಂಗಿಲ್ಲ."

ಹಿತ್ತಲಲ್ಲೇ ಮಾಡುತ್ತೇನೆಂದು ಆಣೆ ಹಾಕಿ, ಹಿತ್ತಲ ಬಾಗಿಲಿನಿಂದ ಬಸ್ ಸ್ಟ್ಯಾಂಡಿಗೆ ಹೊರಟೆ.

ಏನು ಮರ್ಯಾದೆ ಅಂತೀರಿ! ಜೀನ್ಸ್ ಹಾಕಿದಾಗ ನನ್ನನ್ನು ತಳ್ಳಿಕೊಂಡು ಹತ್ತುತ್ತಿದ್ದ ಊರು ಅವತ್ತು ನನಗೆ ದಾರಿ ಬಿಟ್ಟಿತು. ಕಂಪ್ಲಿ ಬಸ್ಸಿನ ಮೆಟ್ಟಿಲ ಮುಂದೆ ನಿಂತು ನಾನು ಕಾಲನ್ನು ಕರೆದೆ. ಯಾರೋ ರಟ್ಟೆ ಹಿಡಿದು ಮೇಲೆತ್ತಿದರು. ಯಾರೋ ಎದ್ದು ಸೀಟು ಕೊಟ್ಟರು. ಕಿಟಕಿಯ ಬದಿಯಲ್ಲಿ ಬಿಳಿ ಬಟ್ಟೆಯ ಆಕೃತಿಯೊಂದು ಕುಳಿತಿತ್ತು. ಎಣ್ಣೆ ಕನ್ನಡಕದಲ್ಲಿ ಅದು ಹಿಟ್ಟಿನ ಚೀಲದಂತೆ ಕಂಡಿತು. ನಾನು ಕಾಲನ್ನು ಎರಡೂ ಕೈಯಿಂದ ಒಳಗೆಳೆದುಕೊಂಡು, ಬಸ್ಸಿಗೆಲ್ಲ ಕೇಳುವಂತೆ, "ಬಾರೋ ನನ್ನಪ್ಪಾ... ಬಾ... ಹಾಂ, ಬಂತು!" ಎಂದೆ.

ಹಿಟ್ಟಿನ ಚೀಲ ನನ್ನ ಕಡೆ ತಿರುಗಿತು.

ಮುಂದಿನ ಸೀಟಿನ ಹೆಂಗಸು ಕಿವಿಯ ಹತ್ತಿರ ಬಾಗಿ ಕೂಗಿದಳು: "ಯಾವೂರು ಯಜ್ಜಾ?"

"ಕಂಪ್ಲಿಯವ್ವಾ."

"ಕಾಲಿಗೇನಾತು?"

"ಲಕ್ವ ಹೊಡೀತವ್ವಾ. ಎತ್ತು ಹೇಳಿದ ಮಾತು ಕೇಳ್ತಾವು, ಇದು ಕೇಳಂಗಿಲ್ಲ." ಸುತ್ತಲಿನ ನಾಲ್ಕು ಸೀಟು ನಕ್ಕವು. ನಗು ಕೇಳಿದ ನಕಲುಗಾರನಿಗೆ ಬ್ರೇಕ್ ಇರುವುದಿಲ್ಲ.

"ನಿನ್ನ ಹೆಸರೇನೋ ಯಜ್ಜಾ?"

ಬೇರೆ ಯಾವ ಹೆಸರನ್ನಾದರೂ ಹೇಳಬಹುದಿತ್ತು. ನಾಡಿನಲ್ಲಿ ಹೆಸರಿಗೇನು ಬರವೇ? ಆದರೆ ಕಲಾವಿದ ಪಾತ್ರದಲ್ಲಿ ಮುಳುಗಿದ್ದ. "ಪಂಪಣ್ಣ!" ಎಂದೆ ಎದೆಯುಬ್ಬಿಸಿ.

ಅಷ್ಟರಲ್ಲಿ ಕಂಡಕ್ಟರ್ ಬಂದ. ಹಿರಿಯ ನಾಗರಿಕರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಉಂಟಲ್ಲ, ಅದರ ಕಾರ್ಡ್ ಕೇಳಿದ. ನಾನು ಕೇಳಿಸಲಿಲ್ಲವೆಂಬಂತೆ ಕಿವಿ ಮುಟ್ಟಿದೆ. ಅವನು ಇನ್ನೂ ಜೋರಾಗಿ, "ಪಂಪಣ್ಣಾರೆ, ಕಾರ್ಡ್ ಕೊಡ್ರಿ, ಕಾರ್ಡು!" ಎಂದ.

ಆಗ ಪಕ್ಕದಿಂದ ನಿಧಾನವಾಗಿ ಒಂದು ಕೈ ಬಂತು. ಕೈಯಲ್ಲಿ ಒಂದು ಕಾರ್ಡ್ ಇತ್ತು. "ತಗೋಪಾ," ಎಂದಿತು ಹಿಟ್ಟಿನ ಚೀಲ, "ಪಂಪಣ್ಣನ ಕಾರ್ಡ್ ಇಲ್ಲೈತಿ."

ಎಂಥ ದಯಾಳು ಮನುಷ್ಯ ಎಂದುಕೊಂಡೆ! ಕಾರ್ಡನ್ನು ಇಸಿದುಕೊಂಡು, ಕನ್ನಡಕ ಮೇಲೆ ಸರಿಸಿ, ಫೋಟೋ ನೋಡಿದೆ. ಆಮೇಲೆ ಪಕ್ಕಕ್ಕೆ ನೋಡಿದೆ. ಮತ್ತೆ ಫೋಟೋ ನೋಡಿದೆ. ಎರಡೂ ಒಂದೇ ಆಗಿದ್ದವು. ಹೊಸಪೇಟೆಯ ಆಸ್ಪತ್ರೆಯಲ್ಲಿ ಕಾಲಿಗೆ ವ್ಯಾಯಾಮ ಮಾಡಿಸಿಕೊಂಡು ಮನೆಗೆ ಹೊರಟಿದ್ದ ಸಾಕ್ಷಾತ್ ಪಂಪಣ್ಣ ತಾತ ನನ್ನನ್ನೇ ನೋಡುತ್ತಿದ್ದರು. ಬೆವರಿಗೆ ವಿಭೂತಿ ಇಳಿದು ನನ್ನ ಗಡ್ಡ ಮತ್ತೆ ಕಪ್ಪಾಗತೊಡಗಿತ್ತು.

"ಸುಮಾನ ತಮ್ಮ ಅಲ್ಲೇನು ನೀನು?" ಎಂದರು.

ಈ ಪ್ರಶ್ನೆಗೆ ಉತ್ತರ ಕೊಡುವವನು ಗಂಡಸು. ನಾನು ಬಸ್ಸು ಕಮಲಾಪುರದಲ್ಲಿ ನಿಂತದ್ದೇ ತಡ ಧೋತ್ರ ಎತ್ತಿ, ಎಲ್ಲರ ಮುಂದೆ ಸ್ಕೇಲ್ ಬಿಚ್ಚಿ ಎಸೆದು, ಬಾಗಿಲಿನಿಂದ ಹಾರಿ ಓಡಿದೆ. ಹಿಂದಿನಿಂದ ಕೂಗು ಕೇಳುತ್ತಿತ್ತು. "ಏ, ಯಜ್ಜ ಓಡಾಕತ್ತಾನ ನೋಡ್ರಲೇ!" ಮುಂದಿನ ಸೀಟಿನಲ್ಲಿ ಕುಳಿತಿದ್ದ ಆ ಹೆಂಗಸು ಕಿಟಕಿಯಿಂದ ಹಂಪಿಯ ದಿಕ್ಕಿಗೆ ಕೈ ಮುಗಿಯುತ್ತಿದ್ದಳು: "ಎಪ್ಪಾ ವಿರೂಪಾಕ್ಷಾ, ಏನು ನಿನ್ನ ಮಹಿಮಿ!"

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಶರಣನ ತಾಯಿ ಗಂಗಮ್ಮನವರ ಫೋನು. ಅವ್ವ ಫೋನನ್ನು ಕಿವಿಯಿಂದ ಗೇಣುದ್ದ ದೂರ ಹಿಡಿದಿದ್ದರೂ ಎಲ್ಲ ಕೇಳುತ್ತಿತ್ತು: "ನಮ್ಮ ಮಾವನ್ನ ತುಂಬಿದ ಬಸ್ಸಿನಾಗ ಆಡ್ಕೊಂಡು ನಕ್ಕಾನಲ್ರಿ ನಿಮ್ಮ ಮಗ! ಇಂಥಾ ಮನಿ ಹೆಣ್ಣು ನಾಳೆ ನಮ್ಮ ಮಾವಗ ಒಂದು ತಂಬಿಗಿ ನೀರು ಕೊಟ್ಟಾಳೇನ್ರಿ? ಸಂಬಂಧ ಬ್ಯಾಡ, ಏನೂ ಬ್ಯಾಡ."

ಅಪ್ಪ ಬೈದರು. ಅವ್ವ ಅತ್ತರು. ಅಕ್ಕ ಬೈಯಲೂ ಇಲ್ಲ, ಅಳಲೂ ಇಲ್ಲ. ಸಂಜೆ ಫೋನನ್ನು ಟಿವಿಯ ಪಕ್ಕದಲ್ಲೇ ಇಟ್ಟಳು. ಮಾಳಿಗೆ ಹತ್ತಲಿಲ್ಲ. ನನ್ನ ಭಂಡಾರದಲ್ಲಿ ಅಕ್ಕನ ಕೋಪವಿದೆ, ನಗುವಿದೆ, ಸೀನು ಕೂಡ ಇದೆ. ಈ ಮೌನ ಇರಲಿಲ್ಲ. ಅದನ್ನು ಕಲಿಯುವ ಆಸೆಯೂ ಆಗಲಿಲ್ಲ.

ಮರುದಿನ ಅಪ್ಪ ರಜೆ ಹಾಕಿ ನಮ್ಮನ್ನೆಲ್ಲ ಕಂಪ್ಲಿಗೆ ಕರೆದೊಯ್ದರು. ದಾರಿಯಲ್ಲಿ ಒಂದೇ ಮಾತು ಕೇಳಿದರು: "ಹತ್ತಾಕ ಏನು ತ್ರಾಸ ಆಗ್ತೈತಿ ಅಂತ ಆ ತಾತನ್ನೇ ಕೇಳಿದ್ರ ಆಗ್ತಿದ್ದಿಲ್ಲೇನಲೇ?" ನನ್ನ ಪಠ್ಯದಲ್ಲಿ ಆ ಅಧ್ಯಾಯವೂ ಇತ್ತು. ಓದಿರಲಿಲ್ಲ.

ಕಂಪ್ಲಿಯ ಮನೆಯಲ್ಲಿ "ಕುಂದ್ರಿ" ಅಂದರೇ ಹೊರತು ನೀರು ಕೊಡಲಿಲ್ಲ. ನಾನು ತಾತನ ಎದುರು ಬರೀ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಅಲುಗಾಡದೆ, ನನ್ನ ಸಮರ್ಥನೆಯನ್ನು ಮಂಡಿಸಿದೆ. ಮೆಟ್ಟಿಲ ಚಿತ್ರಗಳನ್ನು ತೋರಿಸಿದೆ. "ಇದು ಚೇಷ್ಟಿ ಅಲ್ರಿ ತಾತ. ನಿಮ್ಮ ಕಷ್ಟ ನನಗೂ ತಿಳೀಲಿ ಅಂತ ಮಾಡಿದ್ದು. ಇದಕ್ಕ ಎಂಪಥಿ ಅಂತಾರ್ರಿ."

"ಬ್ಯಾಡಪ್ಪಾ," ಎಂದರು ಗಂಗಮ್ಮ ಬಾಗಿಲಿನಿಂದ. "ಅಲೋಪತಿ ಆತು, ಹೋಮಿಯೋಪತಿ ಆತು. ಯಾವ ಪತಿಯಿಂದಾನೂ ಗುಣ ಕಂಡಿಲ್ಲ."

ಶರಣ ನಗು ತಡೆಯಲು ಕೆಮ್ಮಿದ. ಅಕ್ಕ ತಲೆ ತಗ್ಗಿಸಿಯೇ ಇದ್ದಳು. ತಾತ ಮಾತ್ರ ನಗಲಿಲ್ಲ.

"ನನ್ನ ಕಷ್ಟ ತಿಳೀತೇನು?" ಎಂದರು.

"ಸ್ವಲ್ಪ ತಿಳೀತ್ರಿ."

"ನೀ ಕಮಲಾಪುರದಾಗ ಬಿಚ್ಚಿ ಒಗದು ಓಡಿದಿ. ನಾ ಯಾವ ಸ್ಟಾಪಿನಾಗ ಬಿಚ್ಚಲಿ ಹೇಳು."

ನಾನು ಮೆಟ್ಟಿಲ ಚಿತ್ರಗಳನ್ನು ಮಡಿಚಿಟ್ಟೆ. ಮುಖ ಕೆಳಗೆ ಹಾಕಿ, "ತಪ್ಪಾತು ತಾತ," ಎಂದೆ. ಅದು ಯಾರ ನಕಲೂ ಅಲ್ಲವೆಂದು ಅವರಿಗೆ ಹೇಗೆ ಗೊತ್ತಾಯಿತೋ ಕಾಣೆ. ಬಾಗಿಲ ಕಡೆ ತಿರುಗಿದರು.

"ಗಂಗವ್ವಾ, ಚಾ ಇಡು. ಬಸ್ಸಿನಾಗ ನನ್ನ ಆಡ್ಕೊಂಡಾತ ಈತ. ಆ ಹುಡುಗಿ ಏನು ಮಾಡ್ಯಾಳ? ನಿಶ್ಚಿತಾರ್ಥ ಅಂದ ದಿನಾನ ಆಗ್ಲಿ. ಒಂದ ಮಾತು, ಮದುವ್ಯಾಗ ಈತನ ಕೈಯಾಗ ಯಾರೂ ಮೈಕ್ ಕೊಡಬ್ಯಾಡ್ರಿ."

ಗಂಗಮ್ಮ ಮೂಗು ಮುರಿದರು. ಆದರೆ ಚಹಾ ಬಂತು. ಅಕ್ಕ ಮೊದಲ ಸಲ ತಲೆಯೆತ್ತಿದಳು. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಎಲ್ಲ ಸುಸೂತ್ರವಾಯಿತು ಎಂದುಕೊಂಡು, ತಾತನ ಕಾಲಿಗೆ ನಮಸ್ಕರಿಸಿ ಹೊರಡೋಣವೆಂದು ನಾನು ಎದ್ದೆ.

ಏಳುವುದೇನೋ ಎದ್ದೆ. ಕಾಲು ಏಳಲಿಲ್ಲ! ಅಷ್ಟು ಹೊತ್ತು ಅಲುಗದೆ ಕುಳಿತು ಎಡಗಾಲು ಪೂರ್ತಿ ಜೋಮು ಹಿಡಿದಿತ್ತು. ದೇವರಾಣೆಗೂ, ಕಲಿತ ವಿದ್ಯೆಯ ಆಣೆಗೂ, ನಾನು ಬೇಕೆಂದು ಮಾಡಲಿಲ್ಲ. ಒಂದು ಹೆಜ್ಜೆ ಇಟ್ಟೆ. ಎಡಗಾಲು ನೆಲ ಕೆರೆಯುತ್ತ ಹಿಂದೆ ಬಂತು. ಇನ್ನೊಂದು ಹೆಜ್ಜೆ, ಮತ್ತೆ ಅದೇ ಎಳೆತ. ಗೋಡೆ ಹಿಡಿದೆ. ಥೇಟ್ ಪಂಪಣ್ಣ ತಾತ!

ಗಂಗಮ್ಮ ಚಹಾದ ತಟ್ಟೆ ಹಿಡಿದಲ್ಲೇ ನಿಂತರು. ಅಪ್ಪ ಕಣ್ಣು ಮುಚ್ಚಿಕೊಂಡರು.

"ಮತ್ತ ಶುರು ಹಚ್ಚಿದೇನಲೇ!" ಎಂದಳು ಅಕ್ಕ ಹಲ್ಲು ಕಚ್ಚಿ.

"ಇಲ್ಲ ಅಕ್ಕಾ, ಜೋಮು... ಖರೇನ ಜೋಮು..." ಎನ್ನುತ್ತ ನಾನು ಕುಂಟಿಕೊಂಡೇ ಬಾಗಿಲವರೆಗೆ ಹೋದೆ. ಯಾರೂ ನಂಬಲಿಲ್ಲ. ಅವರ ಜಾಗದಲ್ಲಿ ನಾನೇ ಇದ್ದಿದ್ದರೂ ನನ್ನನ್ನು ನಂಬುತ್ತಿರಲಿಲ್ಲ.

ಹಿಂದಿನಿಂದ ತಾತನ ದನಿ ಬಂತು:

"ಹೋಗ್ಬಾ ತಮ್ಮಾ. ಹೋಗೋ ಮುಂದ ನನ್ನ ಕಾಲು ಅಲ್ಲೇ ಬಾಗಿಲದಾಗ ಬಿಟ್ಟು ಹೋಗು, ಇನ್ನೂ ನನಗ ಬೇಕಾಗೈತಿ."