ಬೇಕಾದ್ದು ಮಾತ್ರ

ಪ್ರಯಾಣಕ್ಕೆ ಹೊರಡುವವರಲ್ಲಿ ಎರಡು ಜಾತಿ. ಬೇಕಾದ್ದನ್ನು ಮಾತ್ರ ಕಟ್ಟಿಕೊಳ್ಳುವವರು, ಬೇಕಾದೀತು ಎಂದು ಎಲ್ಲವನ್ನೂ ತುಂಬಿಕೊಳ್ಳುವವರು. ನಾನು ಮೊದಲನೆಯ ಜಾತಿ. ಒಂದು ತೆಳು ಚೀಲ, ಕೈ ಬೀಸಿಕೊಂಡು ನಡಿಗೆ. ನನ್ನ ಹೆಂಡತಿ ಸುಮತಿ ಎರಡನೆಯದು. ಮೊಗ್ರಾಲಿನ ನಮ್ಮ ಮನೆಯಿಂದ ಮಧೂರು ದೇವಸ್ಥಾನಕ್ಕೆ ಹೋಗಿ ಮಧ್ಯಾಹ್ನಕ್ಕೆ ಮರಳುವುದಿದ್ದರೂ ಅವಳ ಚೀಲ ಹೊಟ್ಟೆ ಬಿರಿಯುವ ಹಾಗೆ ಇರುತ್ತದೆ. "ದುಬಾಯಿಗೆ ಹೊರಟದ್ದಾ ಮಾರಾಯ್ತಿ?" ಎಂದು ನಾನು ಪ್ರತಿ ಸಲ ಕೇಳುತ್ತೇನೆ. "ಇರ್ಲಿ, ಹೊರುವುದು ನಾನಲ್ವಾ" ಎಂದು ಅವಳೂ ಪ್ರತಿ ಸಲ ಹೇಳುತ್ತಾಳೆ.

ಸುಮತಿ ಬಾಯಾರಿನ ಕಡೆ ಒಂದು ಪುಟ್ಟ ಕನ್ನಡ ಶಾಲೆಯಲ್ಲಿ ಟೀಚರ್. ಒಂದನೇ ಕ್ಲಾಸಿಗೆ ಮಕ್ಕಳು ಸಿಗುವುದೇ ಕಷ್ಟವಾಗಿರುವುದರಿಂದ ಈ ಸಲ ಊರಿನ ತಂದೆತಾಯಿಯರನ್ನೆಲ್ಲ ಒಂದು ಶನಿವಾರ ಕರೆದಿದ್ದಳು. ಎರಡನೇ ಕ್ಲಾಸಿನ ಮಕ್ಕಳು ತಾವೇ ಚಿತ್ರ ಬಿಡಿಸಿ, ತಮ್ಮದೇ ಧ್ವನಿ ತುಂಬಿ, ಮೌಸ್ ಒತ್ತಿದರೆ ಮಾತಾಡುವ ಕಥೆಯೊಂದನ್ನು ಮಾಡಿದ್ದರು. ಅದನ್ನು ಕಂಡಾದರೂ ನಾಲ್ಕು ಮಂದಿ ಮನಸ್ಸು ಮಾಡಿಯಾರು ಎಂಬ ಆಸೆ. ಶಾಲೆಗಿದ್ದ ಒಂದೇ ಕಂಪ್ಯೂಟರಿನ ಡಿಸ್ಕ್ ಸರಿಯಾಗಿ ಆ ವಾರವೇ ಕೈಕೊಟ್ಟಿತು. ಕಥೆಯ ಪ್ರತಿ ಅವಳ ಬಳಿ ಇತ್ತು. ತೋರಿಸಲು ಯಂತ್ರ ಇರಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು, ಅಲ್ಲಿನ ಲ್ಯಾಬನ್ನೂ ನನ್ನ ತಲೆಗೇ ಕಟ್ಟಿದ್ದಾರೆ. "ಇಷ್ಟೇ ಅಲ್ವಾ? ಹೊಸ ಡಿಸ್ಕನ್ನು ಮನೆಯಲ್ಲೇ ತಯಾರು ಮಾಡಿ ತರ್ತೇನೆ. ಸಿಕ್ಕಿಸಿದರೆ ಆಯ್ತು" ಎಂದುಬಿಟ್ಟೆ.

ನಮ್ಮ ಶಾಲೆಗಳ ಕಂಪ್ಯೂಟರುಗಳನ್ನು ಓಡಿಸುವುದು ಯುನಿಕ್ಸ್ ಮನೆತನದ ಲಿನಕ್ಸ್ ಎಂಬ ತಂತ್ರಾಂಶ. ಗುಂಡಿ ಒತ್ತಿದಾಗ ಮೊದಲು ಏಳುವುದು ಕರ್ನೆಲ್ ಎಂಬ ಯಜಮಾನ ಕಡತ. ಎದ್ದ ಗಳಿಗೆಯಲ್ಲಿ ಅದಕ್ಕೆ ಡಿಸ್ಕಿನೊಡನೆ ಮಾತಾಡಲೂ ಬರುವುದಿಲ್ಲ. ಆ ಭಾಷೆ ಬಲ್ಲ ಡ್ರೈವರ್ ಕಡತಗಳನ್ನು ಗಂಟು ಕಟ್ಟಿ ಅದರ ಜೊತೆಗೆ ಕಳಿಸಬೇಕು. ಗಂಟು ಕಟ್ಟುವಾಗ ಕಂಪ್ಯೂಟರ್ ಒಂದು ಪ್ರಶ್ನೆ ಕೇಳುತ್ತದೆ: ಹೆಚ್ಚುಕಡಿಮೆ ಎಲ್ಲ ಡ್ರೈವರ್ ಹಾಕುವುದೋ, ಈ ಯಂತ್ರಕ್ಕೆ ಬೇಕಾದ್ದು ಮಾತ್ರವೋ? ನನ್ನನ್ನು ಕೇಳಬೇಕೇ! ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಬೇಕಾದ್ದನ್ನು ಮಾತ್ರ ಕಟ್ಟಿದೆ. ಮಕ್ಕಳ ಕಥೆಯನ್ನೂ ಅದರಲ್ಲೇ ಹಾಕಿದೆ. ಚಕ್ಕನೆ ತೆರೆದುಕೊಂಡಿತು. ಆ ಹುಮ್ಮಸ್ಸಿನಲ್ಲೇ ಮೇಜು ಗುಡಿಸಿ, ಎಲ್ಲ ಡ್ರೈವರುಗಳನ್ನೂ ತುಂಬಿಕೊಂಡಿದ್ದ ಒಂದು ಹಳೆಯ ಪೆನ್‌ಡ್ರೈವನ್ನು ಕಸದ ಬುಟ್ಟಿಗೆ ಹಾಕಿದೆ. ಬೇರೆ ಡಿಸ್ಕಿನ ಹಂಗಿಲ್ಲದೆ ಅದರಿಂದಲೇ ಕಂಪ್ಯೂಟರ್ ನಡೆಸಬಹುದಿತ್ತು. ಆದರೆ ಹಳತು, ನಿಧಾನ. ಸುಮತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಶನಿವಾರ ಡಿಸ್ಕೊಂದನ್ನೇ ಜೇಬಿಗಿಳಿಸಿ ಹೊರಟೆ. ಲ್ಯಾಪ್‌ಟಾಪೂ ಮನೆಯಲ್ಲೇ ಉಳಿಯಿತು. ಶಾಲೆಯಲ್ಲಿ ಬೆಂಚು ತುಂಬ ಜನ. ಮುಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರು ತೊಡೆಯ ಮೇಲಿನ ಹುಡುಗಿಯನ್ನು ತೋರಿಸಿ, "ಇವಳನ್ನು ಇಲ್ಲಿಗೆ ಹಾಕುದಾ, ಇಂಗ್ಲಿಷಿಗೆ ಹಾಕುದಾ ಅಂತ ಇವತ್ತು ನೋಡಿ ಹೇಳ್ತೇವೆ ಟೀಚರೇ" ಎಂದರು. ನಾನು ಡಿಸ್ಕ್ ಸಿಕ್ಕಿಸಿ ಗುಂಡಿ ಒತ್ತಿದೆ. ಕರ್ನೆಲ್ ಎದ್ದಿತು. ಎದ್ದು, ಡಿಸ್ಕ್ ಎಲ್ಲಿದೆಯೆಂದು ತಿಳಿಯುತ್ತಿಲ್ಲ ಎಂಬರ್ಥದ ಒಂದು ಸಾಲು ಬರೆದು ಸುಮ್ಮನಾಯಿತು. ನಾನು ಕಟ್ಟಿದ್ದು ನನ್ನ ಲ್ಯಾಪ್‌ಟಾಪಿಗೆ ಬೇಕಾದ ಗಂಟು. ಈ ಮುದಿ ಯಂತ್ರದ ಭಾಷೆ ಬೇರೆ. ತಪ್ಪು ನನಗೆ ತಕ್ಷಣ ಗೊತ್ತಾಯಿತು, ಆದರೆ ಗೊತ್ತಾಗಿ ಪ್ರಯೋಜನವಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಇಬ್ಬರು ಎದ್ದು ನಿಂತರು. ಸುಮತಿಯ ಮುಖ ನೋಡಲು ನನಗೆ ನಿಜವಾಗಿಯೂ ಭಯವಾಯಿತು.

ಅವಳು ಚೀಲದೊಳಗೆ ಮೊಣಕೈವರೆಗೆ ಕೈ ಹಾಕಿದಳು. "ಇದು ಆಗ್ತದಾ ನೋಡಿ. ಬುಟ್ಟಿಯಲ್ಲಿತ್ತು" ಎಂದು ಅದೇ ಪೆನ್‌ಡ್ರೈವನ್ನು ನನ್ನ ಕೈಗಿಟ್ಟಳು. ಅದು ನಿಧಾನವಾಗಿ, ಸಿಕ್ಕಸಿಕ್ಕ ಡ್ರೈವರನ್ನೆಲ್ಲ ತಡಕಾಡಿ, ಕೊನೆಗೂ ಕಥೆಯಿದ್ದ ಡಿಸ್ಕನ್ನು ಪತ್ತೆ ಮಾಡಿತು. ಮಕ್ಕಳು ಒಬ್ಬೊಬ್ಬರಾಗಿ ಬಂದು ಮೌಸ್ ಒತ್ತಿದರು, ಆಮೆ ಮಾತಾಡಿತು, ನವಿಲು ಮಾತಾಡಿತು. ಎದ್ದು ನಿಂತಿದ್ದವರು ಕೂತರು. ಮುಂದಿನ ಸಾಲಿನ ಹುಡುಗಿ ತಾಯಿಯ ತೊಡೆಯಿಂದ ಇಳಿದು ಬಂದು ತಾನೂ ಒಮ್ಮೆ ಒತ್ತಿದಳು. ಮತ್ತೆ ಹೋಗಿ ಕೂರಲೇ ಇಲ್ಲ. "ಆಯ್ತು ಟೀಚರೇ, ಇಲ್ಲೇ ಬರ್ಲಿ" ಎಂದರು ತಾಯಿ.

ಮರಳುವಾಗ ಮೊದಲ ಬಾರಿಗೆ ಆ ಚೀಲವನ್ನು ನಾನು ಹೊತ್ತೆ. ಬಸ್ಸಿನಲ್ಲಿ ಅವಳು ನೀರು ಕೇಳಿದಳೆಂದು ಒಳಗೆ ಕೈ ಹಾಕಿದರೆ ಸಿಕ್ಕಿದ್ದು ನನ್ನ ಹಳೆಯ ಕನ್ನಡಕ, ನನ್ನ ಪ್ರೆಶರಿನ ಮಾತ್ರೆ, ತಿರುವಿನ ದಾರಿಯಲ್ಲಿ ನನಗೆ ಬೇಕಾಗುವ ನಿಂಬೆ ಪೆಪ್ಪರ್‌ಮಿಂಟು, ನನ್ನದೊಂದು ಅಂಗಿ. ಅವಳದು ಅಂತ ಇದ್ದದ್ದು ಒಂದು ಬಾಚಣಿಗೆ, ನೀರಿನ ಬಾಟಲಿ.

"ಇದೆಲ್ಲ ಎಂತಕ್ಕೆ?" ಎಂದೆ.

"ನಿಮಗೆ ಯಾವಾಗ ಎಂತ ಕೈಕೊಡ್ತದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಇಷ್ಟು ವರ್ಷ ನಾನು ಕೈ ಬೀಸಿಕೊಂಡು ನಡೆದದ್ದು ಅವಳ ಹೆಗಲ ಮೇಲೆ ಎಂದು ಹೊಳೆದು, ಮಾತ್ರೆ ನುಂಗಿದೆ. ಭುಜ ಬಹಳ ನೋಯುತ್ತಿತ್ತು. ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ; ನೋವಿನ ಮುಲಾಮೂ ಅದರೊಳಗೇ ಇರುತ್ತದೆ ಎಂದು ಗೊತ್ತಿತ್ತು.